ಸುರಂಗದ ಸಾಲು

ನುಫೈಲ್,

ನೀನು ಸತ್ತು ಒಂಬತ್ತು ವರ್ಷವಾದ ಮೇಲೆ, ನಿನ್ನೆ ನಿನ್ನ ಭೂವರ್ಣನೆಯ ಪುಸ್ತಕಕ್ಕೆ ಒಬ್ಬ ಗಿರಾಕಿ ಬಂದ. ಕಾಗದದ ಬೀದಿಯ ನಕಲುಗಾರ ಖಲ್ಲಾದನ ಅಂಗಡಿಯಲ್ಲಿ ನಾನೂ ಕೂತಿದ್ದೆ. ಹಿಂದ್ ದೇಶದ್ದು ಬೇಡ, ಚೀನಾದ್ದು ಬೇಡ ಎಂದ ಆ ಪರವೂರಿನವನು ನಮ್ಮೂರು ಆಮಿದಿನ ಎರಡೇ ಹಾಳೆ ನಕಲು ಮಾಡಿಸಿಕೊಂಡ. ಕೋಟೆಗೋಡೆಯ ಕೆಳಗೆ ನೀರು ಒಳಬರುವ ಸುರಂಗದ ಬಗ್ಗೆ ನೀನು ಬರೆದ ಸಾಲಿನ ಮೇಲೆ ಬೆರಳಿಟ್ಟು, "ಈ ಅಳತೆ ನಿಜವಾ?" ಅಂತ ಕೇಳಿದ.

ಮಸೀದಿಯಲ್ಲಿ ನೀನು ಓದಿದ್ದನ್ನು ಕೇಳಿ, ಸರಿಯಿದೆ ಎಂದು ನಾನು ಅಂಚಿನಲ್ಲಿ ಹಾಕಿದ ಸಾಕ್ಷಿಯ ಸಹಿ ಹಾಗೇ ಇದೆ. ಖಲ್ಲಾದ ನಕ್ಕ. "ಸಾಕ್ಷಿ ಇಲ್ಲೇ ಕೂತವ್ರೆ ನೋಡಿ, ಇನ್ನೂ ಸತ್ತಿಲ್ಲ!"

"ಒಂದು ಗೇಣೂ ತಪ್ಪಿಲ್ಲ. ಆಳು ಬಗ್ಗಿ ನಡ್ಕೊಂಡು ಬರಬಹುದು" ಎಂದೆ, ಎದೆಯುಬ್ಬಿಸಿ.

ಅವನು ನನ್ನ ಕೈ ಹಿಡಿದು ಮುತ್ತಿಟ್ಟ. ಅವನ ಹೆಬ್ಬೆರಳು ಬಿಲ್ಲುಗಾರರದರಂತೆ ಜಡ್ಡುಗಟ್ಟಿತ್ತು.

ಕೋಟೆಯ ಅಧಿಕಾರಿಯ ಬಳಿಗೆ ಓಡಿದೆ. "ಪುಸ್ತಕ ಓದ್ಕೊಂಡು ಯಾರಾದ್ರೂ ಊರು ಗೆಲ್ತಾರೇನಜ್ಜಾ? ಹೋಗಿ ಮಲ್ಕೊ" ಎಂದ. ಸುರಂಗಕ್ಕೆ ಕಬ್ಬಿಣದ ಸರಳು ಹಾಕಿಸುತ್ತೇನೆಂದು ಇವನಪ್ಪ ಇದೇ ಗಾದಿಯಲ್ಲಿ ಕೂತು ಮಾತು ಕೊಟ್ಟು ಮೂವತ್ತು ವರ್ಷವಾಯಿತು. ಊರೆಲ್ಲ ಮರೆತಿದೆ, ನಾನು ಮರೆತಿಲ್ಲ.

ಶತ್ರುಗಳ ಕಣ್ಣಿಗೆ ಬಿದ್ದೀತೆಂದು ಆ ಸಾಲನ್ನು ನೀನು ಒಮ್ಮೆ ಹೊಡೆದುಹಾಕಿದ್ದೆ. ನಮ್ಮೂರಿನ ವರ್ಣನೆ ಅರೆಬರೆಯಾದರೆ ಬಾಗ್ದಾದಿನವರು ನಗುತ್ತಾರೆಂದು ಹಟ ಹಿಡಿದು ಅದನ್ನು ಮತ್ತೆ ಬರೆಸಿದವರು ಯಾರೆಂದು ಅಧಿಕಾರಿಗೆ ಹೇಳಲಿಲ್ಲ.

ಇವತ್ತು ಬೆಳಿಗ್ಗೆ ಮಸೀದಿಯ ಕೊಳಕ್ಕೆ ಸುರಂಗದ ನೀರು ಕೆಸರಾಗಿ ಬಂತು. ಮಳೆ ಬಿದ್ದು ಎರಡು ತಿಂಗಳಾಗಿದೆ.