ಗುರ್ ಎನ್ನುವ ಪಟ್ಟಿಯೂ ಗಡ್ಡ ಬಿಟ್ಟ ಮೇಷ್ಟ್ರೂ

ಕೃತಕ ಕಾಲು ಕೇಂದ್ರದ ಮುಖ್ಯಸ್ಥರೇ,

ನನ್ನ ತೊಡೆಗೆ ಕಟ್ಟಿದ್ದ ಪಟ್ಟಿಯನ್ನು ನೀವು ಬಿಚ್ಚಿಸಿಕೊಂಡಿದ್ದೀರಿ. ಅದನ್ನು ವಾಪಸು ಕೇಳಲು ಈ ಪತ್ರ. ಕಚೇರಿಗೇ ಬರೆಯಬಹುದಿತ್ತು, ಬರೆದೆ. ತಮಗೆ ಪುರುಸೊತ್ತಿಲ್ಲವೆಂದು ತಿಳಿದು, ಈಗ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ಓದುವವರಿಗೆ ತಿಳಿದಿರಲಿ: ನಾನು ಕ್ಷೌರದ ಅಂಗಡಿಯವನು. ಬಲಗಾಲು ಮೊಣಕಾಲಿನ ಕೆಳಗೆ ಇಲ್ಲ. ಈಗಿರುವುದು ಕೇಂದ್ರ ಕೊಟ್ಟದ್ದು, ನೋಡಲು ನನ್ನ ಸ್ವಂತದ್ದಕ್ಕಿಂತ ಲಕ್ಷಣವಾಗಿದೆ. ಒಂದೇ ಐಬು, ಅದು ನೆಲದ ಮೇಲಿದೆಯೋ ಗಾಳಿಯಲ್ಲಿದೆಯೋ ನನಗೆ ಗೊತ್ತಾಗುವುದಿಲ್ಲ. ಅದಕ್ಕೇ ಕೇಂದ್ರವೇ ಕೊಟ್ಟಿದ್ದ ಆ ಪಟ್ಟಿ. ಪಾದ ಸರಿಯಾಗಿ ಊರಿದರೆ ತೊಡೆಯ ಮೇಲೆ ಗುರ್ ಎನ್ನುತ್ತದೆ, ಊರದಿದ್ದರೆ ಸುಮ್ಮನಿರುತ್ತದೆ. ಗಿರಾಕಿಗಳು ಫೋನ್ ಬಂತು ನೋಡು ಎನ್ನುತ್ತಿದ್ದರು. ಫೋನಲ್ಲ, ಕಾಲು ಬಂತು ಎನ್ನುತ್ತಿದ್ದೆ.

ನನ್ನ ನಡಿಗೆಯ ಪರೀಕ್ಷೆಯ ದಿನ ಪಟ್ಟಿ ಕಟ್ಟಿಕೊಂಡೇ ನಿಮ್ಮ ಉದ್ದನೆಯ ವರಾಂಡದಲ್ಲಿ ನಡೆದೆ. ತಾವು ತಲೆದೂಗಿದಿರಿ. ನಡಿಗೆ ಬಂದವರಿಗೆ ಉಪಕರಣ ಬೇಕಿಲ್ಲವೆಂಬ ನಿಯಮ ಓದಿದಿರಿ.

“ಸಾರ್, ಇದು ಇರೋದಕ್ಕೇ ನಡೀತಿದ್ದೀನಿ,” ಎಂದೆ.

“ನಾನೂ ಅದನ್ನೇ ಹೇಳ್ತಿರೋದು. ನಡೀತಿದ್ದೀರಲ್ಲ,” ಎಂದಿರಿ.

ನಿಯಮ ಓದುವಾಗ ತಮ್ಮ ಮೂಗಿನ ಮೇಲೆ ಕನ್ನಡಕವಿತ್ತು. ಚೆನ್ನಾಗಿ ಓದುತ್ತೀರಲ್ಲ ಎಂದು ಯಾರಾದರೂ ಅದನ್ನು ಕಿತ್ತುಕೊಂಡರೇ?

ವರಾಂಡ ನೆಟ್ಟಗಿದೆ, ಒಪ್ಪುತ್ತೇನೆ. ಆದರೆ ಕ್ಷೌರದ ಕುರ್ಚಿಯ ಸುತ್ತ ನೆಟ್ಟಗೆ ನಡೆಯುವವನು ಗೋಡೆಗೆ ಹೋಗಿ ಡಿಕ್ಕಿ ಹೊಡೆಯುತ್ತಾನೆ. ಅಲ್ಲಿ ಅರ್ಧ ಹೆಜ್ಜೆ ಎಡಕ್ಕೆ, ಅರ್ಧ ಹಿಂದಕ್ಕೆ, ಬಾಗಿ, ಮತ್ತೆ ತಿರುಗಬೇಕು. ಕಣ್ಣು ಗಿರಾಕಿಯ ಕೆನ್ನೆಯ ಮೇಲಿರಬೇಕು, ಕಾಲಿನ ಮೇಲಲ್ಲ. ನೀವು ಪಟ್ಟಿ ಬಿಚ್ಚಿಸಿಕೊಂಡ ವಾರವೇ ನನ್ನ ಹಳೆಯ ಗಿರಾಕಿ ಮೇಷ್ಟ್ರ ಗದ್ದ ಎತ್ತಿ ಕ್ಷೌರದ ಕತ್ತಿ ಇಟ್ಟಿದ್ದೆ. ಬಲಪಾದ ನೆಲದಲ್ಲಿದೆ ಎಂದುಕೊಂಡು ಭಾರ ಬಿಟ್ಟೆ. ಅದು ಗಿರಾಕಿ ಕಾಲಿಡುವ ಕಬ್ಬಿಣದ ಅಂಚಿನ ಮೇಲಿತ್ತು. ಜಾರಿತು. ಕಿವಿಯ ಕೆಳಗೆ ರಕ್ತ. ಮೇಷ್ಟ್ರು ಟವೆಲ್ ಒತ್ತಿಕೊಂಡು, “ಏನೂ ಆಗಿಲ್ಲ ಬಿಡಪ್ಪ,” ಎಂದು ನನಗೇ ಸಮಾಧಾನ ಹೇಳಿದರು. ಈಗ ಅವರು ಗಡ್ಡ ಬಿಟ್ಟಿದ್ದಾರೆ, ವಯಸ್ಸಿಗೆ ಒಪ್ಪುತ್ತದಂತೆ. ಸುದ್ದಿ ಹಬ್ಬಿದ ಮೇಲೆ ಬೀದಿಯಲ್ಲಿ ಇನ್ನೂ ಹಲವರಿಗೆ ಗಡ್ಡ ಒಪ್ಪತೊಡಗಿದೆ. ನನ್ನ ಹೆಂಡತಿ ಕತ್ತಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾಳೆ. ಅವಳದು ತಪ್ಪೆನ್ನಲಾರೆ. ನನ್ನ ಕೈಯೆಂದರೆ ನನಗೇ ಈಗ ಭಯ.

ಬೇಡಿಕೆ ಇಷ್ಟೇ: ಪಟ್ಟಿಯನ್ನು ವಾಪಸು ಕೊಡಿ. ಅದು ಇನ್ನು ಬೇಡವೆಂದು ನಾನು ಹೇಳಬೇಕು, ನಿಮ್ಮ ವರಾಂಡ ಅಲ್ಲ. ನಾನು ಪೂರ್ತಿ ತಯಾರಾಗಿದ್ದೇನೆಂದು ತಮಗೆ ಈಗಲೂ ಖಾತ್ರಿಯಿದ್ದರೆ, ಒಂದು ಬೆಳಿಗ್ಗೆ ಅಂಗಡಿಗೆ ದಯಮಾಡಿಸಿ. ಬಿಸಿನೀರು, ಒಗೆದ ಟವೆಲ್, ಬೀರುವಿನಿಂದ ತೆಗೆಸಿದ ಕತ್ತಿ ಸಿದ್ಧವಿರುತ್ತವೆ. ಗದ್ದ ಮೇಲೆತ್ತಿ, ಕಣ್ಣು ಮುಚ್ಚಿ ಕುಳಿತುಕೊಳ್ಳಿ.

ಇಂತಿ,
ತಮ್ಮ ಕಡತದಲ್ಲಿ ಚೆನ್ನಾಗಿ ನಡೆಯುತ್ತಿರುವ,
ಸದ್ಯಕ್ಕೆ ಬರೀ ಕತ್ತರಿ ಹಿಡಿಯುವವನು