ಉದ್ದ ಮೇಜಿನಲ್ಲಿ ಒಂದು ಜಾಗ

ಸಾಫಿ ಪಟ್ಟಣ,
ಮೇ ೧೨

ನನ್ನ ಯಮ್ನಾ,

ನಿನ್ನ ಮೊಣಕಾಲು ನಡೆಯಲು ಬಿಡುತ್ತಿದೆಯೇ, ಕಣ್ಣು ಕಾಣುತ್ತಿದೆಯೇ, ಇದೊಂದೂ ಗೊತ್ತಿಲ್ಲದೆ ಪತ್ರ ಶುರುಮಾಡಿದ್ದೇನೆ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಅಕ್ಷರ ನನ್ನದಲ್ಲ, ನನ್ನ ಮೊಮ್ಮಗಳು ನಿಸ್ರೀನಳದು. ನಾನು ಹೇಳುತ್ತಾ ಹೋಗುತ್ತೇನೆ, ಅವಳು ನನ್ನ ಮಾತನ್ನು ಶಾಲೆಯ ಭಾಷೆಗೆ ತಿದ್ದಿಕೊಂಡು ಬರೆಯುತ್ತಾಳೆ. ನಾನೇನಾದರೂ ಇಲ್ಲಿ ಪಂಡಿತೆಯ ಹಾಗೆ ಕೇಳಿಸಿದರೆ ನಗಬೇಡ.

ನಿನ್ನ ವಿಳಾಸ ಸಿಕ್ಕಿದ್ದು ನಿನ್ನ ಅಣ್ಣನ ಮಗನಿಂದ. ಹಳೇ ಊರಿನ ಬಾಗಿಲ ಬಳಿ ಪುದೀನ ಮಾರುತ್ತಾನಲ್ಲ, ಅವನು. ನೀನು ಲರಾಶ್‌ನಲ್ಲಿ ಮಗಳು ಹಯಾತಳ ಮನೆಯಲ್ಲೇ ಇದ್ದೀಯ ಎಂದ. ಫೋನ್ ನಂಬರನ್ನೂ ಕೊಟ್ಟ. ಆದರೆ ಫೋನಿನಲ್ಲಿ ನನ್ನ ದನಿ ಕೇಳಿ ನೀನು ಸುಮ್ಮನಾಗಿಬಿಟ್ಟರೆ ನಾನೇನು ಮಾಡಲಿ? ಪತ್ರವಾದರೆ ಮಧ್ಯದಲ್ಲಿ ಯಾರೂ ತಡೆಯುವುದಿಲ್ಲ.

ನಮ್ಮ ಮೀನಿನ ಫ್ಯಾಕ್ಟರಿಗೆ ಬೀಗ ಬಿದ್ದು ಇಪ್ಪತ್ತು ವರ್ಷದ ಮೇಲಾಯಿತು. ಛಾವಣಿಯ ತಗಡನ್ನು ಯಾರೋ ಕಳಚಿಕೊಂಡು ಹೋಗಿದ್ದಾರೆ. ಹೊರಗೋಡೆಯ ಮೇಲಿದ್ದ ದೊಡ್ಡ ನೀಲಿ ಮೀನಿನಲ್ಲಿ ಈಗ ಬಾಲವೊಂದೇ ಉಳಿದಿದೆ. ಒಳಗೆ ಪಾರಿವಾಳಗಳು, ಅವುಗಳಿಗಾಗಿ ಕಾಯುವ ಬೆಕ್ಕುಗಳು. ವಾಸನೆ ಮಾತ್ರ ಹೋಗಿಲ್ಲ, ಯಮ್ನಾ. ಬಿಸಿಲೇರಿದರೆ ಗೋಡೆ ಬೆವರುತ್ತದೆ, ಉಪ್ಪು, ಎಣ್ಣೆ, ಮೀನು ಎಲ್ಲ ಸೇರಿದ ಆ ವಾಸನೆ ಬೀದಿಗಿಳಿಯುತ್ತದೆ. ಕೇರಿಗೆ ಹೊಸದಾಗಿ ಬಂದವರು ಕಿಟಕಿ ಮುಚ್ಚುತ್ತಾರೆ. ನಾನು ತೆರೆಯುತ್ತೇನೆ.

ಈ ವರ್ಷ ನಿಸ್ರೀನಳ ಶಾಲೆಗೆ ವಿಸಾಲ್ ಎಂಬ ಚಿತ್ರಕಲೆಯ ಟೀಚರ್ ಬಂದಿದ್ದಾಳೆ. ಚಿಕ್ಕ ವಯಸ್ಸು, ಬೆರಳಿಗೆ ಸದಾ ಬಣ್ಣ ಮೆತ್ತಿಕೊಂಡಿರುತ್ತದೆ. ನಿಮ್ಮ ಕೇರಿಯಲ್ಲಿ ಪಾಳು ಬಿದ್ದ ಕಟ್ಟಡವೊಂದನ್ನು ಆರಿಸಿಕೊಂಡು ಅದರಿಂದ ಏನಾದರೂ ಮಾಡಿ ತೋರಿಸಿ ಎಂದು ಮಕ್ಕಳಿಗೆ ಹೇಳಿದಳಂತೆ. ನಮ್ಮ ಹುಡುಗಿಯರು ಫ್ಯಾಕ್ಟರಿಯನ್ನು ಆರಿಸಿಕೊಂಡರು. ಮೊದಲು ಒಡೆದ ಕಿಟಕಿ, ತುಕ್ಕು ಹಿಡಿದ ಗೇಟು, ಪಾರಿವಾಳಗಳನ್ನೆಲ್ಲ ಬಿಡಿಸಿದರು. ಟೀಚರ್ ನೋಡಿ, ಚೆನ್ನಾಗಿದೆ, ಆದರೆ ಇದರೊಳಗೆ ಇದ್ದವರೆಲ್ಲ ಎಲ್ಲಿ ಎಂದು ಕೇಳಿದಳಂತೆ. ನಿಸ್ರೀನ್ ಕೈ ಎತ್ತಿ, ಒಬ್ಬರು ನಮ್ಮ ಮನೆಯಲ್ಲೇ ಇದ್ದಾರೆ ಎಂದಳಂತೆ.

ಅಲ್ಲಿಂದ ಶುರುವಾಯಿತು ನೋಡು. ಉಳಿದಿರುವ ನಮ್ಮನ್ನೆಲ್ಲ ಶಾಲೆಯ ಜಗುಲಿಗೆ ಕರೆಸಿದರು. ಕುಂಬಾರರ ಗುಡ್ಡದಿಂದ ಮಣ್ಣು ತರಿಸಿ, ಮೆತ್ತಗೆ ಕಲಸಿ, ಮಣೆಯಷ್ಟು ದಪ್ಪಗೆ ತಟ್ಟಿ ಇಟ್ಟಿದ್ದರು. ಒಬ್ಬೊಬ್ಬರೂ ಎರಡೂ ಕೈಯನ್ನು ಅದರ ಮೇಲೆ ಒತ್ತಬೇಕು. ಆ ಅಚ್ಚುಗಳನ್ನು ಸುಟ್ಟು, ಫ್ಯಾಕ್ಟರಿಯ ಉದ್ದ ಮೇಜಿನ ಮೇಲೆ, ಯಾರು ಎಲ್ಲಿ ನಿಂತು ಮೀನು ಕತ್ತರಿಸುತ್ತಿದ್ದರೋ ಅಲ್ಲಲ್ಲೇ ಇಡುತ್ತಾರೆ. ಶಾಲೆಗೆ ರಜೆ ಬರುವ ಮುಂಚೆ ಒಂದು ಶುಕ್ರವಾರ ಗೇಟು ತೆಗೆದು ಊರಿಗೆಲ್ಲ ತೋರಿಸುತ್ತಾರಂತೆ.

ಆ ಸಿಮೆಂಟಿನ ಮೇಜು ಹಾಗೇ ಇದೆ. ನೀರು ಹರಿದು ಹೋಗುವ ಕಾಲುವೆಯೂ ಇದೆ. ಮಕ್ಕಳು ನಮ್ಮನ್ನು ಒಳಗೆ ಕರೆದುಕೊಂಡು ಹೋದಾಗ ನಮ್ಮ ಕಾಲುಗಳೇ ತಮ್ಮ ತಮ್ಮ ಜಾಗಕ್ಕೆ ಹೋಗಿ ನಿಂತವು. ತಾಹ್ರಾ ಅಂತೂ ಚಾಕು ಹಿಡಿದವಳ ಹಾಗೆ ಮಣಿಕಟ್ಟು ತಿರುಗಿಸಿದಳು. ಹುಡುಗಿಯರು ನಕ್ಕರು. ಕೈಯ ಅಚ್ಚು ತೆಗೆಯುವಾಗ ಮದುವೆಯ ಬಳೆ ತೆಗೆಯುವುದಿಲ್ಲ ಎಂದು ಹಟ ಹಿಡಿದವಳೂ ಅವಳೇ. ಅವಳ ಅಚ್ಚಿನಲ್ಲಿ ಬಳೆಯೂ ಮೂಡಿದೆ.

ನಮ್ಮ ಫ್ಯಾಕ್ಟರಿಯ ಸಿಳ್ಳೆ ಹೇಗಿತ್ತು ಎಂದು ಮಕ್ಕಳು ಕೇಳಿದರು. ಬಂದರಿನ ಬೇರೆ ಫ್ಯಾಕ್ಟರಿಗಳ ಸಿಳ್ಳೆಗಳಿಗಿಂತ ನಮ್ಮದು ಗೊಗ್ಗರು, ನೆಗಡಿಯಾದ ಗಂಡಸು ಕೂಗಿದ ಹಾಗೆ, ಎಂದೆ. ಮೀನಿನ ದೋಣಿ ದಡ ಸೇರಿದರೆ ಅದು ಕೂಗುತ್ತಿತ್ತು. ಒಲೆಯ ಮೇಲೆ ಏನಿದ್ದರೂ ಇಳಿಸಿ, ತಲೆಬಟ್ಟೆ ಕಟ್ಟಿಕೊಳ್ಳುತ್ತಲೇ ಓಡುತ್ತಿದ್ದೆವು. ನೀನು ಹಯಾತಳನ್ನು ಬೆನ್ನಿಗೆ ಬಿಗಿದುಕೊಂಡು ನನ್ನ ಬಾಗಿಲು ತಟ್ಟಿಕೊಂಡೇ ಹೋಗುತ್ತಿದ್ದೆ. ಮೀನಿನ ಪೆಟ್ಟಿಗೆಯಲ್ಲಿ ಹಿಟ್ಟಿನ ಚೀಲ ಹಾಸಿ ಅವಳನ್ನು ಮಲಗಿಸಿ, ಮೇಜಿನ ಕೆಳಗೆ ನಮ್ಮಿಬ್ಬರ ಕಾಲುಗಳ ನಡುವೆ ಇಡುತ್ತಿದ್ದೆವು. ಮೇಲಿನಿಂದ ನೀರು ತೊಟ್ಟಿಕ್ಕದಂತೆ ನಾನು ಸೊಂಟಕ್ಕೆ ಕಟ್ಟಿದ್ದ ಮುಂಗವಚ ಹೊದಿಸುತ್ತಿದ್ದೆ. ಈಗಿನ ಮಕ್ಕಳಿಗೆ ಇದು ಕಥೆಯಂತೆ ಕೇಳಿಸುತ್ತದೆ.

ಆಮೇಲೆ ನಿಸ್ರೀನ್ ಮೇಜಿನ ನಕ್ಷೆ ಬರೆದು ಹೆಸರು ಕೇಳತೊಡಗಿದಳು. ತುದಿಯಲ್ಲಿ ನಮ್ಮೆಲ್ಲರ ಹಿರಿಯಳು ಲಲ್ಲಾ ಶೈಬಿಯಾ. ಪಕ್ಕದಲ್ಲಿ ತಾಹ್ರಾ. ಆಮೇಲೆ ನಾನು. ನನ್ನ ಮತ್ತು ಕಿಟಕಿಯ ನಡುವೆ ಯಾರು ಎಂದಳು.  ತಾಹ್ರಾ ಹೇಳಿದಳು: "ಅಲ್ಲಿ ಯಾರೂ ನಿಲ್ತಿರ್ಲಿಲ್ಲ ಮಗಾ. ಅಲ್ಲೊಂದು ಕಂಬ ಇತ್ತು."

ಹುಡುಗಿ ಬಗ್ಗಿ ನೆಲ ನೋಡಿದಳು. ಧೂಳು ಕೆರೆದಳು. "ಕಂಬದ ಗುರುತೇ ಇಲ್ವಲ್ಲ ಅಜ್ಜಿ ಇಲ್ಲಿ?" ಎಂದಳು.

ಆಗ ಲಲ್ಲಾ ಶೈಬಿಯಾಳೇ, ಅಲ್ಲಿ ನಿಲ್ಲುತ್ತಿದ್ದವಳು ಯಮ್ನಾ, ಬರೆದುಕೋ ಎಂದಳು. ಎಲ್ಲರೂ ಒಪ್ಪಿದರು. ಒಂದು ಮಾತೂ ಆಗಲಿಲ್ಲ. ಹಳೆಯದನ್ನೆಲ್ಲ ಜನ ಮರೆತಿದ್ದಾರೆ, ಯಮ್ನಾ. ಅದನ್ನು ನಿನಗೆ ತಿಳಿಸಬೇಕೆಂದೇ ಈ ಪತ್ರ.

ಈ ಪತ್ರವನ್ನು ನಿನಗೆ ಓದಿ ಹೇಳುತ್ತಿರುವವಳು ಹಯಾತಳೇ ಇರಬೇಕು. ಹಯಾತ್, ನಿನ್ನ ಅಮ್ಮ ಈಗ ಸಾಕು ನಿಲ್ಲಿಸು ಎನ್ನುತ್ತಾಳೆ. ನೀನು ನಿಲ್ಲಿಸಬೇಡ. ನೀನಿನ್ನೂ ಕೂಸಾಗಿದ್ದ ಆ ವರ್ಷ ನಾವೆಲ್ಲ ಕೆಲಸ ಬಿಟ್ಟು ಗೇಟಿನ ಮುಂದೆ ಕೂತಿದ್ದೆವು. ದೋಣಿಗಾಗಿ ಕಾದ ಹೊತ್ತಿಗೂ ಕೂಲಿ ಬೇಕು, ಮಕ್ಕಳನ್ನು ಮಲಗಿಸಲು ಒಂದು ಕೋಣೆ ಬೇಕು, ಇಷ್ಟೇ ನಾವು ಕೇಳಿದ್ದು. ನಿನ್ನ ಅಮ್ಮನೂ ನಮ್ಮ ಜೊತೆಗೇ ಕೂತಿದ್ದಳು. ಆಗ ನಿನಗೆ ಜ್ವರ ಬಂತು. ಮೈ ಕೆಂಡ, ಕಣ್ಣುಗಳು ಮೇಲಕ್ಕೆ ಸಿಕ್ಕಿಕೊಂಡಿದ್ದವು. ಔಷಧಿಗೆ ಕಾಸಿರಲಿಲ್ಲ, ನನ್ನಲ್ಲೂ ಇರಲಿಲ್ಲ. ಒಳಗೆ ಬಂದವರಿಗೆ ಅಂದೇ ಕೂಲಿ ಕೊಡುತ್ತೇವೆ ಎಂದು ಮೇಸ್ತ್ರಿ ಗೇಟಿನಲ್ಲಿ ನಿಂತು ಕೂಗುತ್ತಿದ್ದ. ಯಾರೂ ಒಳಗೆ ಹೋಗದಂತೆ ಲಲ್ಲಾ ಶೈಬಿಯಾ ಗೇಟಿಗೆ ಅಡ್ಡ ಮಲಗಿದ್ದಳು. ನಿನ್ನ ಅಮ್ಮ ನಿನ್ನ ಮುಖ ಯಾರಿಗೂ ಕಾಣದಂತೆ ಹೊದಿಕೆ ಸುತ್ತಿ ನನ್ನ ಮಡಿಲಲ್ಲಿ ಹಾಕಿ, ಮಲಗಿದ್ದ ಅವಳನ್ನು ದಾಟಿ ಒಳಗೆ ಹೋದಳು.

ಗಂಡ ಬಿಟ್ಟುಹೋದವಳು ಮಗುವನ್ನು ಮುಂದಿಟ್ಟುಕೊಂಡು ಬೇಡುತ್ತಾಳೆ ಎನ್ನಿಸಿಕೊಳ್ಳುವುದು ಅವಳಿಗೆ ಬೇಕಿರಲಿಲ್ಲ. ಯಾರಿಗೂ ಹೇಳಬೇಡ ಎಂದು ನನ್ನಿಂದ ಆಣೆ ಮಾಡಿಸಿಕೊಂಡಳು. ಅಂದಿನಿಂದ ಬೀದಿಯಲ್ಲಿ ಒಬ್ಬರೂ ಅವಳನ್ನು ಮಾತನಾಡಿಸಲಿಲ್ಲ. ಅವಳ ಸಲಾಮಿಗೆ ಉತ್ತರವಿರಲಿಲ್ಲ. ನೀನು ಚೇತರಿಸಿಕೊಂಡು ನಗಲು ಶುರುಮಾಡಿದ ಮೇಲೆ ಒಂದು ಬೆಳಿಗ್ಗೆ ಗಂಟು ಕಟ್ಟಿಕೊಂಡು ನಿನ್ನನ್ನೆತ್ತಿಕೊಂಡು ಬಸ್ಸು ಹತ್ತಿದಳು. ಬಸ್ಸಿನ ತನಕ ಹೋದವಳು ನಾನೊಬ್ಬಳೇ.

ಇಷ್ಟು ನೀನು ತಿಳಿದಿರಬೇಕು, ಮಗಳೇ. ನಿನ್ನ ಅಮ್ಮನ ಮೇಲೆ ನನಗೆ ಎಂದೂ ಕೋಪವಿರಲಿಲ್ಲ. ಪಕ್ಕದಲ್ಲಿ ಅವಳಿಲ್ಲದೆ ಆಮೇಲೆ ಎಷ್ಟೋ ವರ್ಷ ಮೀನು ಕತ್ತರಿಸಿದೆ. ಕಿಟಕಿಯ ಗಾಳಿ ನೇರ ನನಗೇ ಹೊಡೆಯುತ್ತಿತ್ತು.

ಯಮ್ನಾ, ನಿನ್ನ ಕೈಗೆಂದು ಮಣ್ಣನ್ನು ಒದ್ದೆ ಗೋಣಿ ಸುತ್ತಿ ತೆಗೆದಿಟ್ಟಿದ್ದಾರೆ. ಅದು ಒಣಗದಂತೆ ಹುಡುಗಿಯರು ಸರದಿಯ ಮೇಲೆ ನೀರು ಚಿಮುಕಿಸುತ್ತಾರೆ. ಸುಡಲು ಹೊತ್ತು ಬೇಕು, ಆದ್ದರಿಂದ ಈ ತಿಂಗಳೊಳಗೇ ಬಾ. ನನ್ನ ಮನೆಯಲ್ಲೇ ಉಳಿಯಬೇಕು. ಗೋಧಿ ರವೆಯ ಕುಸ್‌ಕುಸ್ ಮಾಡುತ್ತೇನೆ, ಸಾರಿಗೆ ಕುಂಬಳಕಾಯಿ ಜಾಸ್ತಿ ಹಾಕುತ್ತೇನೆ. ಬರಲಾರೆ ಎಂದಾದರೆ ಅದನ್ನಾದರೂ ಬರೆದು ತಿಳಿಸು. ಸುಮ್ಮನಿರಬೇಡ ಕಣೇ. ನಿನ್ನ ಮೌನವನ್ನು ಇಷ್ಟು ವರ್ಷ ಕೇಳಿಸಿಕೊಂಡಿದ್ದು ಸಾಕಾಗಿದೆ.

ನಿನ್ನ ದಾರಿ ನೋಡುತ್ತಿರುವ,
ಬತೂಲ್

ಮರೆತ ಮಾತು:

ಯಮ್ನಾ ಅಜ್ಜಿ, ನಾನು ನಿಸ್ರೀನ್. ಅಜ್ಜಿ ನಮಾಜಿಗೆ ಎದ್ದಿದ್ದಾರೆ, ಅಷ್ಟರಲ್ಲಿ ಇದನ್ನು ಸೇರಿಸುತ್ತಿದ್ದೇನೆ. ಅಜ್ಜಿ ಹೇಳಿದ್ದನ್ನೆಲ್ಲ ಬರೆದಿದ್ದೇನೆ, ಆದರೆ ಒಂದು ಕಡೆ ಅವರು ನಿಜ ಹೇಳಲಿಲ್ಲ. ಅವತ್ತು ಯಾರೂ ಒಪ್ಪಲಿಲ್ಲ. ನಿಮ್ಮ ಹೆಸರು ಹೇಳಿದ್ದು ನಮ್ಮ ಅಜ್ಜಿಯೇ. ತನ್ನನ್ನು ದಾಟಿ ಹೋದವಳಿಗೆ ಈ ಮೇಜಿನಲ್ಲಿ ಜಾಗವಿಲ್ಲ ಎಂದು ಶೈಬಿಯಾ ಅಜ್ಜಿ ಖಡಾಖಂಡಿತವಾಗಿ ಹೇಳಿದರು. ನಮ್ಮ ಅಜ್ಜಿ ಶಾಲೆಗೆ ವಾಪಸು ಬಂದು, ಇನ್ನೂ ಹಸಿಯಾಗಿದ್ದ ತಮ್ಮ ಕೈ ಅಚ್ಚನ್ನು ಎತ್ತಿ ಮುದ್ದೆ ಮಾಡಿ ಬಕೆಟ್ಟಿಗೆ ಹಾಕಿಬಿಟ್ಟರು. "ಹಾಗಾದ್ರೆ ನನ್ನ ಕೈನೂ ಬೇಡ. ಅವಳ ಮಗು ಸಾಯ್ತಾ ಇತ್ತು. ನೀವ್ಯಾರೂ ಕೇಳ್ಲೇ ಇಲ್ಲ" ಎಂದರು. ಆಣೆ ಮುರಿದಿದ್ದಕ್ಕೆ ಮನೆಗೆ ಬಂದು ಅತ್ತರು. ಆಮೇಲೆ ಯಾರೂ ನಮ್ಮ ಮನೆಗೆ ಚಹಾಕ್ಕೆ ಬರಲಿಲ್ಲ, ಅಜ್ಜಿಯೂ ಹೋಗಲಿಲ್ಲ.

ಕಳೆದ ವಾರ ಶೈಬಿಯಾ ಅಜ್ಜಿ ಕೋಲೂರಿಕೊಂಡು ಬಂದರು. ಒಳಗೆ ಬರಲಿಲ್ಲ, ಹೊಸ್ತಿಲಲ್ಲೇ ನಿಂತು ಕೇಳಿದರು: "ಆ ಮಗು ಉಳೀತೇನೇ, ಬತೂಲ್?"

ಅಜ್ಜಿ ಹೂಂ ಎಂದರು.

ಶೈಬಿಯಾ ಅಜ್ಜಿ ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟರು. ಕೋಲನ್ನು ಪಕ್ಕಕ್ಕಿಟ್ಟು, "ಅವಳಿಗೆ ಕಾಗದ ಬರೆಸು. ಮಗೂನೂ ಎತ್ಕೊಂಡು ಬರ್ಲಿ" ಎಂದರು. ಹಯಾತ್ ಅತ್ತೆಗೆ ಈಗ ಎಷ್ಟು ವಯಸ್ಸು ಎಂದು ನಾವಿಬ್ಬರೂ ಅವರಿಗೆ ಹೇಳಲಿಲ್ಲ. ಎತ್ತಿಕೊಂಡು ಬರಲು ಆಗದಿದ್ದರೂ ಅತ್ತೆಯನ್ನು ಕರೆದುಕೊಂಡೇ ಬನ್ನಿ.