ಬೇವಿನ ಮರದ ಬುಟ್ಟಿಗಳು

ಜೂನ್ 20, ಗುರುವಾರ

ಬೆಳಿಗ್ಗೆ ಗೂಡು ತೆಗೆದು ಕೋಳಿ ಎಣಿಸಿದೆ. ಒಂಬತ್ತು. ಎಲ್ಲವೂ ಅವ್ವ ಸಾಕಿದ ಒಂದೇ ಹೇಂಟೆಯ ಸಂತಾನ. ಅವ್ವ ಹೋದ ಮೇಲೆ ಸೀರೆ ಅಕ್ಕ ಒಯ್ದಳು, ಪಾತ್ರೆ ಅತ್ತಿಗೆ ಒಯ್ದಳು. ನನಗೆ ಕೋಳಿ. ನಷ್ಟವೇನಿಲ್ಲ, ಸೀರೆ ಮೊಟ್ಟೆ ಇಡುತ್ತದೆಯೇ?

ನಮ್ಮ ಚುಕ್ಕಿ ಕೋಳಿಯ ಏಳು ಮೊಟ್ಟೆ ಪಕ್ಕದ ಮನೆ ಗಾದೆಮ್ಮನಿಗೆ ಕೊಟ್ಟೆ. ಅವಳ ಕೆಂಪಿ ಕಾವಿಗೆ ಕೂತಿದೆ. ನಮ್ಮವು ಯಾವುದೂ ಕೂರುತ್ತಿಲ್ಲ. ಮರಿ ಎದ್ದರೆ ಅರ್ಧ ಅವಳಿಗೆ, ಅರ್ಧ ನನಗೆ.

"ಏಳರಾಗ ಅರ್ಧ ಹೆಂಗ ಮಾಡ್ತೀ? ಒಂದನ್ನ ಸೀಳ್ತೀಯೇನು?" ಅಂದಳು. ಇಬ್ಬರೂ ನಕ್ಕೆವು.

ಇಪ್ಪತ್ತೊಂದು ದಿನ. ಕ್ಯಾಲೆಂಡರಿನಲ್ಲಿ ಜುಲೈ ಹನ್ನೊಂದಕ್ಕೆ ಸುತ್ತು ಹಾಕಿದೆ. ಲೈಬ್ರರಿ ತೆಗೆಯಲು ತಡವಾಯಿತು. ಪೇಪರ್ ಓದುವ ಮುದುಕರು ಬಾಗಿಲಲ್ಲೇ ಕೂತು ನನ್ನನ್ನು ಬೈಯುತ್ತಿದ್ದರು.

ಜೂನ್ 24, ಸೋಮವಾರ

ಪಟ್ಟೆ ಕೋಳಿಗೆ ಆಟೊ ತಾಗಿತು. ಸ್ಥಳದಲ್ಲೇ ಹೋಯಿತು.

ಬೇರೆ ಯಾವುದಾದರೂ ಆಗಿದ್ದರೆ ಸಾರು ಮಾಡುತ್ತಿದ್ದೆ. ಪಟ್ಟೆ ದುರ್ಗವ್ವನ ಹೆಸರಿಗೆ ಬಿಟ್ಟ ಕೋಳಿ. ಅವ್ವ ಹೇಳುತ್ತಿದ್ದಳು: "ದೇವಿ ಹೆಸರಿಗೆ ಬಿಟ್ಟಿದ್ದು ಸತ್ರ ಬಾಯಿಗೂ ಹಾಕಬಾರ್ದು, ಮಣ್ಣಿಗೂ ಹಾಕಬಾರ್ದು. ಬುಟ್ಟ್ಯಾಗಿಟ್ಟು ಬೇವಿನ ಗಿಡಕ್ಕ ತೂಗಾಕಬೇಕು. ಗಾಳಿಗೆ ಹೋಗ್ಲಿ."

ಹಾಗೆಯೇ ಮಾಡಿದೆ. ಅರಿಶಿನ, ಕುಂಕುಮ, ಹಳೇ ಈಚಲು ಬುಟ್ಟಿ, ಹಿತ್ತಲ ಬೇವಿನ ಕೊಂಬೆ. ನಮ್ಮ ಮನೆಯಲ್ಲಿ ಗೋಡೆಗೆ ಬುದ್ಧನ ಫೋಟೊ, ಗಂಡ ಭೀಮರಾಜನಿಗೆ ಹರಕೆ ಅಂದರೆ ಆಗದು. ಹೊಸಪೇಟೆಯಲ್ಲಿ ಕೆಲಸ, ಶನಿವಾರ ಬರುತ್ತಾನೆ. ಅಷ್ಟರಲ್ಲಿ ಒಣಗಿರುತ್ತದೆ.

ಜೂನ್ 30, ಭಾನುವಾರ

ಎರಡು ಹೋದವು. ಒಂದೇ ಬೆಳಿಗ್ಗೆ.

ನಿನ್ನೆ ಸಂಜೆ ಚೆನ್ನಾಗಿದ್ದವು. ಬೇವಿನ ಕೆಳಗೆ ಎಲ್ಲಾ ಗುಂಪುಗೂಡಿ ಹೆಕ್ಕುತ್ತಿದ್ದವು. ಹಣ್ಣು ಉದುರುವ ಕಾಲ, ಅವಕ್ಕೆ ಹಬ್ಬ. ಬೆಳಿಗ್ಗೆ ಕಾಲು ಮಡಚಿ ಕೂತಿದ್ದವು. ಆಮೇಲೆ ರೆಕ್ಕೆ ಇಳಿಬಿಟ್ಟವು. ಆಮೇಲೆ ಕುತ್ತಿಗೆ. ನೆಲಕ್ಕೆ ಒರಗಿತು, ಎತ್ತಲಾಗಲಿಲ್ಲ. ಕಣ್ಣು ಮಾತ್ರ ತೆರೆದೇ ಇತ್ತು. ನನ್ನನ್ನೇ ನೋಡುತ್ತಿತ್ತು.

ಕೊಕ್ಕರೆ ರೋಗ ಇರಲಾರದು. ಮೇ ತಿಂಗಳಲ್ಲೇ ಲಸಿಕೆ ಹಾಕಿಸಿದ್ದೇನೆ. ಮತ್ತೇನು?

"ದೇವ್ರಿಗೆ ಹೇಳು, ಬ್ಯಾಡ ಅನ್ನಲ್ಲ. ಡಾಕ್ಟ್ರಿಗೂ ಹೇಳು," ಅಂದ ಭೀಮರಾಜ. ಮೊದಲಿನದನ್ನಷ್ಟೇ ಕೇಳಿಸಿಕೊಂಡೆ. ಅವನು ಸ್ನಾನಕ್ಕೆ ಹೋದಾಗ ಹಿತ್ತಲಲ್ಲಿ ನಿಂತು ಕೈಮುಗಿದೆ — ಎಲ್ಲಾ ನಿನ್ನವೇ ತಾಯಿ, ಇದ್ದವೂ ಸತ್ತವೂ. ಕಾಪಾಡು.

ಸತ್ತವೂ ಅವಳವೇ ಅಂದ ಮೇಲೆ ಹೂಳುವಂತಿಲ್ಲ. ಇನ್ನೊಂದು ಬುಟ್ಟಿ ಕಟ್ಟಿದೆ.

ಜುಲೈ 2, ಮಂಗಳವಾರ

ಮತ್ತೆ ಎರಡು. ಅದೇ ರೀತಿ. ಉಳಿದದ್ದು ನಾಲ್ಕು.

ಬೆಳ್ಳುಳ್ಳಿ ಅರೆದು ಹಾಕಿದೆ. ಮಜ್ಜಿಗೆ ಕುಡಿಸಿದೆ. ಗೂಡಿಗೆ ಸುಣ್ಣ ಬಳಿದೆ. ಮೂರನೇ ಬುಟ್ಟಿ.

ಗಾದೆಮ್ಮ ಬೇಲಿಯಾಚೆಯಿಂದ: "ಲೇ ಶೃತಿ, ಅವನ್ನ ಇಳಿಸಿ ಹೂಳಬಾರ್ದೇನು? ನಾರತೈತಿ."

"ನಿನಗ ದೇವ್ರು ದಿಂಡ್ರು ಇಲ್ಲ, ನನಗ ಐತಿ," ಅಂದೆ. ಅವಳು ಒಳಗೆ ಹೋದಳು.

ಜುಲೈ 3

ಮಲಗಿದರೆ ಒಂದೇ ಯೋಚನೆ. ಏಪ್ರಿಲ್‌ನಲ್ಲಿ ನನ್ನ ಕೋಳಿ ಗಾದೆಮ್ಮನ ಕೊತ್ತಂಬರಿ ಮಡಿ ಕೆದರಿದ್ದವು. ಆಗ ಅಂದಿದ್ದಳು: "ಒಂದಿನ ಇವಕ್ಕ ಏನರ ಹಾಕೇ ಹಾಕ್ತೀನಿ ನೋಡು."

ಹಾಕಿದ್ದಾಳೆ. ಬೇರೆ ಏನಿದ್ದೀತು?

ಸಂಜೆ 6

ಕೇಳಿಬಿಟ್ಟೆ. ನಲ್ಲಿಯ ಹತ್ತಿರ, ನಾಲ್ಕು ಜನರ ಎದುರಿಗೆ.

"ನಾನು? ವಿಷ?" ಅಂದಳು. ಅಷ್ಟೇ. ಜಗಳಕ್ಕೆ ಬಂದಿದ್ದರೆ ಚೆನ್ನಾಗಿತ್ತು. ತುಂಬದ ಕೊಡ ಎತ್ತಿಕೊಂಡು ಹೊರಟುಹೋದಳು.

ಗೆದ್ದೆ ಅಂದುಕೊಂಡೆ. ಊಟ ಸೇರಲಿಲ್ಲ.

ಜುಲೈ 5, ಶುಕ್ರವಾರ

ಮತ್ತೊಂದು ಹೋಯಿತು. ಮೂರು.

ಮಧ್ಯಾಹ್ನ ಕೆಂಪಿ ಕಾವಿನಿಂದ ಎದ್ದು ಬೇಲಿಯ ಕಿಂಡಿಯಲ್ಲಿ ನುಸುಳಿ ಬಂತು. ದಿನಕ್ಕೊಮ್ಮೆ ಮೇವಿಗೆ ಏಳುತ್ತದಲ್ಲ. ನೇರ ಬೇವಿನ ಕೆಳಗೆ. ಗಬಗಬ ತಿಂದಿತು. ಓಡಿಸಬಹುದಿತ್ತು. ಓಡಿಸಲಿಲ್ಲ. ಮೇಯಲಿ, ನಾನು ಗಾದೆಮ್ಮನಂಥವಳಲ್ಲ ಅಂದುಕೊಂಡೆ. ಎಷ್ಟು ದೊಡ್ಡ ಮನಸ್ಸು ನನ್ನದು!

ಜುಲೈ 6, ಶನಿವಾರ

ಕುತ್ತಿಗೆ ಜೋತ ಒಂದನ್ನು ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೂಡ್ಲಿಗಿಗೆ ಹೋದೆ. ದಾರಿಯುದ್ದಕ್ಕೂ ಅದರ ತಲೆಗೆ ಅಂಗೈ ಕೊಟ್ಟು ಕೂತಿದ್ದೆ.

ಪಶು ಡಾಕ್ಟರು ಕುತ್ತಿಗೆ ಎತ್ತಿ ಬಿಟ್ಟರು. ಬಿತ್ತು. ಒಂದೇ ಪ್ರಶ್ನೆ ಕೇಳಿದರು: "ಸತ್ತವನ್ನ ಏನ್ ಮಾಡಿರಿ?"

ಹೇಳಿದೆ. ಬುಟ್ಟಿ, ಬೇವು, ಹರಕೆ.

"ಅಮ್ಮಾ, ಕೊಳೆತ ಹೆಣದಾಗ ವಿಷ ಹುಟ್ಟತೈತಿ. ಅದನ್ನ ತಿಂದ ಹುಳಕ್ಕ ಏನೂ ಆಗಲ್ಲ. ಆ ಹುಳ ಬುಟ್ಟಿಯಿಂದ ಕೆಳಗ ಉದುರತಾವು. ಕೋಳಿ ಆರಿಸಿ ತಿಂತಾವು. ಒಂದು ಸತ್ತದ್ದು ನಾಲ್ಕನ್ನ ಕೊಲ್ಲತೈತಿ."

ಹಣ್ಣಲ್ಲ. ಹುಳ. ಹನ್ನೆರಡು ದಿನದಿಂದ ನಾನೇ ಮೇಲಿಂದ ವಿಷ ಉದುರಿಸಿದ್ದೇನೆ. ಒಂದೊಂದು ಸತ್ತಾಗಲೂ ಇನ್ನೊಂದಿಷ್ಟು. ಅರಿಶಿನ ಕುಂಕುಮ ಹಚ್ಚಿ.

ಚೀಲದಲ್ಲಿದ್ದದ್ದು ಬಸ್ ಸ್ಟ್ಯಾಂಡಿನಲ್ಲೇ ಹೋಯಿತು.

ಸಂಜೆ ಬುಟ್ಟಿಗಳನ್ನೆಲ್ಲ ಇಳಿಸಿದೆವು. ಭೀಮರಾಜ ಆಳವಾಗಿ ಗುಂಡಿ ತೋಡಿದ. ಹೇಳಿದ್ದೆನಲ್ಲ ಅನ್ನಲಿಲ್ಲ. ಅಂದಿದ್ದರೆ ಸನಿಕೆ ಎತ್ತುತ್ತಿದ್ದೆನೇನೋ. ಮರದ ಕೆಳಗೆ ಕುದಿನೀರು ಸುರಿದೆ, ಮೇಲ್ಮಣ್ಣು ಕೆರೆದು ಸುಟ್ಟೆ, ಬೇಲಿ ಕಿಂಡಿಗೆ ಜಾಲಿ ಮುಳ್ಳು ತುರುಕಿದೆ.

ತುರುಕುವಾಗ ಕೆಂಪಿ ನೆನಪಾಯಿತು. ಕೈ ನಿಂತಿತು. ಆದರೂ ಗಾದೆಮ್ಮನ ಮನೆಗೆ ಹೋಗಲಿಲ್ಲ. ಹೆದರಿಕೆ. ನಾಚಿಕೆ. ಎರಡೂ.

ಜುಲೈ 7, ಭಾನುವಾರ

ಉಳಿದಿದ್ದ ಎರಡೂ ಹೋದವು. ಚುಕ್ಕಿ ಕೊನೆಗೆ. ಹನ್ನೊಂದೂವರೆಗೆ, ನನ್ನ ಮಡಿಲಲ್ಲಿ. ಬೆಲ್ಲದ ನೀರು ತೊಟ್ಟು ತೊಟ್ಟಾಗಿ ಬಿಟ್ಟೆ, ಕೊಕ್ಕಿನ ಪಕ್ಕದಿಂದ ಸೋರಿಹೋಯಿತು. ಅವ್ವನನ್ನು ಎರಡನೇ ಸಲ ಕಳೆದುಕೊಂಡ ಹಾಗಾಯಿತು. ಜೋರಾಗಿ ಅತ್ತೆ. ಅವ್ವ ಹೋದಾಗ ಇಷ್ಟು ಅತ್ತಿರಲಿಲ್ಲ.

ಈಗ ಅವಳ ಕೋಳಿ ಅಂತ ಭೂಮಿಯ ಮೇಲೆ ಉಳಿದಿರುವುದು ಏಳು ಮೊಟ್ಟೆ. ಅವೂ ನಾನು ವಿಷ ಹಾಕಿದವಳು ಎಂದು ಹೆಸರಿಟ್ಟವಳ ಮನೆಯಲ್ಲಿ.

ಸಂಜೆ ಹೋದೆ. ಬಾಗಿಲಲ್ಲೇ ನಿಂತು ಎಲ್ಲಾ ಹೇಳಿದೆ. ಬುಟ್ಟಿ, ಹುಳ, ವಿಷ ನನ್ನದೇ ಅಂತ. ತಪ್ಪಾಯಿತು ಅಂತ.

ಗಾದೆಮ್ಮ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. "ನನ್ನ ಕೆಂಪಿ ಬಂದಿತ್ತೇನು, ಆ ಗಿಡದ ಕೆಳಗ?"

"ಬಂದಿತ್ತು. ಶುಕ್ರವಾರ."

"ನೋಡಿದ್ಯಾ?"

"ನೋಡಿದೆ."

ಮೊರ ಕೆಳಗಿಟ್ಟಳು. ಮುಖಕ್ಕೆ ಬಾಗಿಲು ಹಾಕಿದಳು.

ಜುಲೈ 8, ಸೋಮವಾರ. ಬೆಳಿಗ್ಗೆ 9

ಏಳು ಗಂಟೆಗೆ ಬೇಲಿಯಿಂದ ಕೂಗು. "ಶೃತೀ, ಲಗೂನ ಬಾ!"

ಕೆಂಪಿಯ ಕುತ್ತಿಗೆ ಬಿದ್ದಿತ್ತು. ಕೊಕ್ಕು ನೆಲಕ್ಕೆ. ರೆಕ್ಕೆಗಳು ಮಾತ್ರ ಮೊಟ್ಟೆಗಳ ಮೇಲೆ ಹರಡಿದ್ದವು. ನಾವು ನೋಡುತ್ತಿದ್ದ ಹಾಗೇ ಹೋಯಿತು.

ಗಾದೆಮ್ಮ ಅದರ ಹೊಟ್ಟೆಯಡಿ ಕೈ ಹಾಕಿ ಒಂದೊಂದೇ ಮೊಟ್ಟೆ ತೆಗೆದಳು. ನಾನು ಸೆರಗು ಒಡ್ಡಿದೆ. ಅವಳ ಕಣ್ಣು ಒದ್ದೆ, ದನಿ ಮಾತ್ರ ಗಡುಸು. "ಇನ್ನ ಬೆಚ್ಚಗ ಅದಾವು. ನಿಮ್ಮವ್ವನ ಕೋಳಿ, ನೀನು ಕೊಂದಿ. ಈಗ ನೀನೇ ಕುಂದ್ರು ಕಾವಿಗೆ. ಎದ್ದ್ಯೋ, ನೋಡು ಮತ್ತ!"

ನನ್ನ ಹೊಟ್ಟೆಗೆ ಹಳೇ ಸೀರೆ ಸುತ್ತಿ, ಅದರೊಳಗೆ ಏಳನ್ನೂ ಇಟ್ಟು ಕಟ್ಟಿದ್ದಾಳೆ. ಅವಳ ಪಡಸಾಲೆಯಲ್ಲೇ ಗೋಡೆಗೆ ಒರಗಿ ಕೂತಿದ್ದೇನೆ. ಈ ಡೈರಿಯನ್ನೂ ಅವಳೇ ನಮ್ಮ ಮನೆಯಿಂದ ತಂದುಕೊಟ್ಟಳು. ಅವಳು ಮೊಟ್ಟೆಗಳ ಕಾವಿಗೆ ಬಲ್ಬು, ಭತ್ತದ ಹೊಟ್ಟು ಹೊಂದಿಸುವವರೆಗೆ ಹೀಗೇ. ಮರಿ ಏಳಲು ಇನ್ನು ಮೂರು ದಿನ. ಲೈಬ್ರರಿಗೆ ರಜೆ ಹೇಳಿದೆ. ಕಾರಣ ಕೇಳಿದರು. ಫೋನ್ ಇಟ್ಟೆ.

ಮಧ್ಯಾಹ್ನ 12.20

ಗಾದೆಮ್ಮ ಗಂಜಿ ಕುಡಿಸಿದಳು. ಕೆಂಪಿಯನ್ನು ಆಳವಾಗಿ ಹೂಳಿದಳಂತೆ, ಕಲ್ಲೂ ಹೇರಿದಳಂತೆ.

ಕಾಲು ಜೋಮು ಹಿಡಿದಿದೆ. ಕೆಮ್ಮಲೂ ಹೆದರಿಕೆ. ಅವ್ವಾ, ಒಂದಾದರೂ...

ಎಡಗಡೆಯ ಮೊಟ್ಟೆ. ಒಳಗೆ ಏನೋ ಒದ್ದ ಹಾಗಾಯಿತು. ಅಥವಾ ಬರೆಯುವ ಕೈಯ ಅಲುಗಾಟವೋ. ಪೆನ್ನು ಕೆಳಗಿಟ್ಟು ನೋಡುತ್ತೇನೆ.